ಎಸ್‌ಟಿ-225ಕ್ಕೆ ಪಾರ್ಕ್ ಬೇಕೇ ಬೇಕು: ಭೋಸರಿಯ ಡಾಸ್ ಯಂತ್ರಗಳಲ್ಲಿ ನನ್ನ ಅನುಭವ

ಪುಣೆಯ ಭೋಸರಿ ಕಡೆಯ ವರ್ಕ್‌ಶಾಪ್‌ಗಳಲ್ಲಿ ಲೇತ್‌ಗೆ ಪ್ರೋಗ್ರಾಮ್ ಕಳಿಸುವ ಡಾಸ್ ಓಡುವ ಹಳೇ ಎಕ್ಸ್‌ಟಿ, ಎಟಿ ಪಿಸಿ ಪೆಟ್ಟಿಗೆಗಳು ಇನ್ನೂ ಉಳಿದಿವೆ. ಅವುಗಳಿಂದ ನನ್ನ ಕೈಗೆ ಬರುವ ಹಾರ್ಡ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ಸೀಗೇಟಿನ ಎಸ್‌ಟಿ-225, ಇಲ್ಲವೇ ಆರ್‌ಎಲ್‌ಎಲ್ ಕಾರ್ಡಿನ (ಟ್ರ್ಯಾಕಿನಲ್ಲಿ ಹೆಚ್ಚು ಡೇಟಾ ಹಿಡಿಸುವ ಕಂಟ್ರೋಲರ್) ಜೊತೆ ಎಸ್‌ಟಿ-238ಆರ್. ಆಫ್ ಮಾಡುವ ಮೊದಲು ಹೆಡ್ ಪಾರ್ಕ್ ಮಾಡಿ, ಅಂದರೆ ತಟ್ಟೆಯ ಮೇಲೆ ಓದಿ ಬರೆಯುವ ಹೆಡ್ಡನ್ನು ಡೇಟಾ ಇಲ್ಲದ ಜಾಗಕ್ಕೆ ಕಳಿಸಿ ಎಂದರೆ ಎಲ್ಲ ಕಡೆಯೂ ಒಂದೇ ಉತ್ತರ: "ಅಣ್ಣಾ, ಪಾರ್ಕ್ ಮಾಡಿದ್ದೂ ಹೋಗಿದೆ, ಮಾಡದೆ ಇದ್ದದ್ದೂ ಹೋಗಿದೆ." ಹೋಗಿದ್ದು ನಿಜ. ಆದರೆ ಅವರು ಪಾರ್ಕ್ ಮಾಡಿದ ಮೇಲೂ ಹೆಡ್ ಮತ್ತೆ ಓಡಾಡಿದೆ, ಅದನ್ನು ಯಾರೂ ಗಮನಿಸಿಲ್ಲ. ಆ ಓಡಾಟ ನಿಲ್ಲಿಸಿದ ಮೇಲೆ ನಾನು ನೋಡಿಕೊಳ್ಳುವ ಯಂತ್ರಗಳಲ್ಲಿ ಒಂದು ಡ್ರೈವ್‌ನಲ್ಲೂ ಹೆಡ್ ಇಳಿದು ಮಾಡುವ ಹೊಸ ಲ್ಯಾಂಡಿಂಗ್ ಗೀರು ಬಿದ್ದಿಲ್ಲ. ನಾಲ್ಕೈದು ಮಳೆಗಾಲ ಕಳೆದಿವೆ.

ಯಾವ ಡ್ರೈವ್‌ಗೆ ಬೇಕು ಎಂಬುದು ಮೊದಲು. ಹೆಡ್ಡಿನ ತೋಳನ್ನು ವಾಯ್ಸ್ ಕಾಯಿಲ್ (ಆಯಸ್ಕಾಂತದ ನಡುವಿನ ತಂತಿ ಸುರುಳಿ) ಆಡಿಸುವುದಕ್ಕೆ ಬೇಡ. ಕರೆಂಟು ಹೋದಾಗ ತಿರುಗುತ್ತಿರುವ ಸ್ಪಿಂಡಲ್ಲೇ ಜನರೇಟರ್ ಆಗಿ ಹೆಡ್ಡನ್ನು ಒಳಗೆ ಎಳೆದುಕೊಳ್ಳುತ್ತದೆ, ಆಫ್ ಮಾಡಿದೊಡನೆ "ಟಕ್" ಎನ್ನುವ ಸದ್ದು ಅದೇ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರಿನದು ಹಾಗಲ್ಲ, ಕರೆಂಟು ಹೋದಾಗ ಹೆಡ್ ಎಲ್ಲಿತ್ತೋ ಅಲ್ಲೇ ತಟ್ಟೆಯ ಮೇಲೆ ಕೂರುತ್ತದೆ. ಸ್ಟೆಪ್ಪರ್ ಎಂದ ಮಾತ್ರಕ್ಕೆ ಎಲ್ಲವೂ ಹೀಗೇ ಅಲ್ಲ: ಎಸ್‌ಟಿ-251 ಸ್ಟೆಪ್ಪರ್ ಆದರೂ ತಾನೇ ಪಾರ್ಕ್ ಆಗುತ್ತದೆ. 225 ಮತ್ತು 238ಆರ್ ಆಗುವುದಿಲ್ಲ.

225ರಲ್ಲಿ ಹೆಡ್ ಎಲ್ಲಿ ಕೂರುತ್ತದೆ ಎಂದು ಲೆಕ್ಕ ಹಾಕಿ. 615 ಸಿಲಿಂಡರ್ (ಎಲ್ಲ ಹೆಡ್‌ಗಳ ಕೆಳಗೆ ಒಂದೇ ದೂರದಲ್ಲಿರುವ ಟ್ರ್ಯಾಕುಗಳ ಗುಂಪು), 4 ಹೆಡ್, ಟ್ರ್ಯಾಕಿಗೆ 17 ಸೆಕ್ಟರ್ (ಡೇಟಾ ತುಂಡು). ಅಂದರೆ ಸಿಲಿಂಡರಿಗೆ 68 ಸೆಕ್ಟರ್. ಪೂರ್ತಿ 20 ಎಂಬಿಗೆ ಒಂದೇ ಪಾರ್ಟಿಷನ್, 2 ಕೆಬಿ ಕ್ಲಸ್ಟರ್ (ಡಾಸ್ ಫೈಲಿಗೆ ಜಾಗ ಕೊಡುವ ಅಳತೆ) ಮಾಡಿದರೆ ಒಂದು ಫ್ಯಾಟ್‌ಗೆ (ಯಾವ ಫೈಲ್ ಎಲ್ಲೆಲ್ಲಿದೆ ಎಂದು ಡಾಸ್ ಇಡುವ ಪಟ್ಟಿ) ಸುಮಾರು 41 ಸೆಕ್ಟರ್. ಎರಡು ಫ್ಯಾಟ್, ರೂಟ್ ಡೈರೆಕ್ಟರಿಯ 32, ಬೂಟ್ ಸೆಕ್ಟರ್, ಪಾರ್ಟಿಷನ್ ಟೇಬಲಿನ ಟ್ರ್ಯಾಕು, ಎಲ್ಲ ಸೇರಿ 0 ಮತ್ತು 1ನೇ ಸಿಲಿಂಡರಿನಲ್ಲೇ ಮುಗಿಯುತ್ತದೆ. ಡಾಸ್ ಫೈಲ್ ಬರೆದು ಮುಚ್ಚುವಾಗ ಕೊನೆಗೆ ಮುಟ್ಟುವುದು ಫ್ಯಾಟ್ ಮತ್ತು ಡೈರೆಕ್ಟರಿಯನ್ನು. ಆಪರೇಟರ್ ಸೇವ್ ಮಾಡಿ ಸ್ವಿಚ್ ಆರಿಸಿದರೆ ಹೆಡ್ ಇಳಿಯುವುದು ಬಹುಪಾಲು ಅಲ್ಲೇ, ದಿನಾ ಸಂಜೆ. ಎರಡನೇ ಫ್ಯಾಟ್ ಕಾಪಿಯೂ ಪಕ್ಕದಲ್ಲೇ ಇರುವುದರಿಂದ ಅದೂ ಕಾಪಾಡುವುದಿಲ್ಲ.

ಡ್ರೈವ್ ಹಾಳಾದದ್ದು ಇದರಿಂದಲೋ ಬೇರೆಯದರಿಂದಲೋ ಎಂದು ತಿಳಿಯಲು ಸರ್ಫೇಸ್ ಸ್ಕ್ಯಾನ್ ಮಾಡಿ ಸಿಲಿಂಡರ್, ಹೆಡ್ ನಂಬರ್ ಬರೆದುಕೊಳ್ಳಿ. ಹೆಡ್‌ಗಳೆಲ್ಲ ಒಂದೇ ತೋಳಿಗೆ ಕಟ್ಟಿದವು, ಒಟ್ಟಿಗೆ ಇಳಿಯುತ್ತವೆ. ಹಾಗಾಗಿ ಒಂದೇ ಸಿಲಿಂಡರಿನಲ್ಲಿ ಎರಡು ಮೂರು ಹೆಡ್ ಮೇಲೆ ಎರರ್ ಬಂದರೆ, ಡ್ರೈವ್ ಬಿಸಿಯಾದ ಮೇಲೂ ಹೋಗದಿದ್ದರೆ, ಅದು ಲ್ಯಾಂಡಿಂಗ್ ಗೀರು. ಬೆಳಿಗ್ಗೆ ಚಳಿಗೆ "ಸೆಕ್ಟರ್ ನಾಟ್ ಫೌಂಡ್" ಬಂದು, ಅರ್ಧ ಗಂಟೆ ಓಡಿದ ಮೇಲೆ ಸರಿಹೋದರೆ ಅದು ಟ್ರ್ಯಾಕ್ ಸರಿದದ್ದು. ಅದಕ್ಕೂ ಪಾರ್ಕ್‌ಗೂ ಸಂಬಂಧವಿಲ್ಲ. ಡಿಸೆಂಬರಿನ ಪುಣೆಯಲ್ಲಿ ಇದು ಸಾಮಾನ್ಯ. ಡ್ರೈವ್ ಅರ್ಧ ಗಂಟೆ ಓಡಿಸಿ, ಕ್ಯಾಬಿನೆಟ್‌ನಲ್ಲಿ ಹೇಗೆ ಕೂರುತ್ತದೋ ಹಾಗೇ ಇಟ್ಟು ಟ್ರ್ಯಾಕ್, ಸೆಕ್ಟರುಗಳನ್ನೇ ಹೊಸದಾಗಿ ಬರೆಯುವ ಲೋ ಲೆವೆಲ್ ಫಾರ್ಮ್ಯಾಟ್ ಮಾಡಿದರೆ ನಿಲ್ಲುತ್ತದೆ. ಇವೆರಡನ್ನು ಒಂದೇ ಎಂದು ತಿಳಿದವರೇ ಪಾರ್ಕ್ ಮೇಲೆ ನಂಬಿಕೆ ಕಳೆದುಕೊಂಡಿದ್ದಾರೆ.

ಈಗ ಪಾರ್ಕ್ ಯಾಕೆ ಫೇಲ್ ಆಗುತ್ತದೆ ಎಂಬುದು. ಯುಟಿಲಿಟಿ ಫ್ಲಾಪಿಗಳಲ್ಲಿ ಬರುವ ಎಷ್ಟೋ ಪಾರ್ಕ್ ಪ್ರೋಗ್ರಾಮ್‌ಗಳು ಹೆಡ್ ಕಳಿಸಿ ಡಾಸ್ ಪ್ರಾಂಪ್ಟಿಗೆ ವಾಪಸ್ ಬರುತ್ತವೆ. ಅಲ್ಲೇ ಕೆಟ್ಟಿತು. ಮೆಮೊರಿಯಲ್ಲಿ ಕಮಾಂಡ್.ಕಾಮ್‌ನ (ನಾವು ಹೊಡೆದ ಆಜ್ಞೆ ಓದುವ ಡಾಸ್ ಪ್ರೋಗ್ರಾಮ್) ಮೇಲಿನ ತುಂಡು ಅಳಿಸಿದ್ದರೆ ಡಾಸ್ ಅದನ್ನು ಡಿಸ್ಕಿನಿಂದ ಮತ್ತೆ ಓದುತ್ತದೆ, ಹೆಡ್ ಹೊರಟಿತು. ಬ್ಯಾಚ್ ಫೈಲ್ ಇನ್ನೂ ಅಪಾಯ: ಡಾಸ್ ಅದನ್ನು ಒಂದೊಂದೇ ಸಾಲು ಓದುವುದರಿಂದ, ಪಾರ್ಕ್ ಕೊನೆಯ ಸಾಲಾದರೂ ಮುಂದೆ ಏನಿದೆ ನೋಡಲು ಫೈಲಿಗೆ ಮತ್ತೆ ಹೋಗುತ್ತದೆ. ಆ ಸೆಕ್ಟರ್ ಬಫರಿನಲ್ಲಿದ್ದರೆ ಬಚಾವು, ಇಲ್ಲದಿದ್ದರೆ ಇಲ್ಲ. 286 ಪಿಸಿಯಲ್ಲಿ ಸ್ಮಾರ್ಟ್‌ಡ್ರೈವ್ (ಬರೆಯುವ ಡೇಟಾವನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಹಿಡಿದಿಡುವ ಪ್ರೋಗ್ರಾಮ್) ಹಾಕಿದ್ದರೆ ಬರೆಯದೆ ಉಳಿದ ಡೇಟಾ ಪಾರ್ಕ್ ಆದ ಮೇಲೆ ಹೋಗಿ ಬೀಳುತ್ತದೆ. ಮೊದಲು ಅದಕ್ಕೆ ಸ್ಲ್ಯಾಷ್ ಸಿ ಕೊಟ್ಟು ಖಾಲಿ ಮಾಡಿಸಬೇಕು.

ನಾನು ಬಳಸುವುದು ಡಾಸ್ ಜೊತೆ ಬರುವ ಡೀಬಗ್‌ನಲ್ಲೇ ಕೂಡಿಸಿದ 17 ಬೈಟಿನ ಪ್ರೋಗ್ರಾಮ್. ಎಎಚ್, ಡಿಎಲ್, ಸಿಎಕ್ಸ್, ಡಿಎಕ್ಸ್ ಎಂದರೆ ಪ್ರೊಸೆಸರಿನ ರಿಜಿಸ್ಟರ್‌ಗಳು; ಎಎಚ್‌ಗೆ 08, ಡಿಎಲ್‌ಗೆ ಹೆಕ್ಸ್ 80 (ಮೊದಲ ಹಾರ್ಡ್ ಡಿಸ್ಕ್) ಹಾಕಿ ಇಂಟರಪ್ಟ್ 13 (ಬಯೋಸ್‌ನ ಡಿಸ್ಕ್ ಸೇವೆ) ಕರೆದರೆ ಕೊನೆಯ ಸಿಲಿಂಡರ್ ಸಿಎಕ್ಸ್‌ನಲ್ಲಿ ಬರುತ್ತದೆ. ಸಿಎಕ್ಸ್ ಮುಟ್ಟಬೇಡಿ. ಡಿಎಕ್ಸ್ ಮಾತ್ರ ಕೆಟ್ಟಿರುತ್ತದೆ, ಅದಕ್ಕೆ 0080 ತುಂಬಿ, ಎಎಚ್‌ಗೆ 0ಸಿ ಹಾಕಿ ಮತ್ತೆ 13, ಅದು ಸೀಕ್, ಹೆಡ್ಡನ್ನು ಆ ಸಿಲಿಂಡರಿಗೆ ಒಯ್ಯುವ ಆಜ್ಞೆ. ಆಮೇಲೆ ಸಿಎಲ್‌ಐ (ಇಂಟರಪ್ಟ್ ಮುಚ್ಚು), ಎಚ್‌ಎಲ್‌ಟಿ (ನಿಲ್ಲು), ಹಿಂದಕ್ಕೆ ಎಚ್‌ಎಲ್‌ಟಿಗೇ ಒಂದು ಜಂಪ್. ಯಂತ್ರ ಅಲ್ಲೇ ಸತ್ತಂತೆ ನಿಲ್ಲುತ್ತದೆ, ಕಂಟ್ರೋಲ್-ಆಲ್ಟ್-ಡಿಲೀಟಿಗೂ ಜಗ್ಗುವುದಿಲ್ಲ. ಬೇಕಾಗಿರುವುದೂ ಅದೇ. ಪ್ರೋಗ್ರಾಮ್ ವಾಪಸ್ಸೇ ಬರದ ಕಾರಣ ಬ್ಯಾಚ್ ಫೈಲಿನ ಕೊನೆಗೆ ಧೈರ್ಯವಾಗಿ ಹಾಕಬಹುದು. ಫ್ಲಾಪಿಯಿಂದ ಓಡಿಸಿದರೆ ಫ್ಲಾಪಿ ಮೋಟಾರ್ ತಿರುಗುತ್ತಲೇ ಇರುತ್ತದೆ, ಅದನ್ನು ನಿಲ್ಲಿಸುವ ಟೈಮರ್ ಇಂಟರಪ್ಟನ್ನೂ ನಾವು ಮುಚ್ಚಿರುತ್ತೇವಲ್ಲ. ಫ್ಲಾಪಿ ತೆಗೆದು ಸ್ವಿಚ್ ಆರಿಸಿ.

ಇಲ್ಲೊಂದು ತಕರಾರು ಬರುತ್ತದೆ: ಈ ವಿಧಾನ ಹೋಗುವುದು ಕೊನೆಯ ಡೇಟಾ ಸಿಲಿಂಡರಿಗೆ, ಹೆಡ್ ಇಳಿಸಲೆಂದೇ ಸೀಗೇಟ್ ಕೊಟ್ಟ ಲ್ಯಾಂಡಿಂಗ್ ಜೋನ್, 670ನೇ ಸಿಲಿಂಡರಿಗೆ ಅಲ್ಲ. ಸರಿ. ಅದಕ್ಕೇ ಪಾರ್ಟಿಷನ್ ಮಾಡುವಾಗಲೇ ಕೊನೆಯ ಹತ್ತು ಸಿಲಿಂಡರ್ ಬಿಟ್ಟುಬಿಡಿ. ಡಾಸ್ 3.3ರ ಎಫ್‌ಡಿಸ್ಕ್ ಸಿಲಿಂಡರ್ ಲೆಕ್ಕದಲ್ಲೇ ಕೇಳುತ್ತದೆ, 605 ಕೊಟ್ಟರಾಯಿತು. ಡಾಸ್ 5ರಲ್ಲಿ 1 ಎಂಬಿ ಕಡಿಮೆ ಕೊಡಿ. ಹತ್ತು ಸಿಲಿಂಡರ್ ಹೋದರೆ ಹೋಗುವುದು 340 ಕೆಬಿ. ಹೆಡ್ ಅಲ್ಲಿ ಎಷ್ಟು ಸಲ ಇಳಿದರೂ ಯಾರ ಫೈಲೂ ಅಲ್ಲಿಲ್ಲ. ಎಟಿಯಲ್ಲಾದರೆ ಇಂಟರಪ್ಟ್ 41ರ ವೆಕ್ಟರ್ ತೋರಿಸುವ ಟೇಬಲಿನಲ್ಲಿ, ಹೆಕ್ಸ್ 0ಸಿಯಲ್ಲಿ, ಲ್ಯಾಂಡಿಂಗ್ ಜೋನ್ ಕೂತಿದೆ, ಅಲ್ಲಿಂದಲೇ ಓದಿಕೊಳ್ಳಿ. ಎಕ್ಸ್‌ಟಿ ಕಾರ್ಡ್ ಒಪ್ಪದಿದ್ದಾಗ 670ಕ್ಕೆ ಕಳಿಸುವ ದಾರಿಯೊಂದು ನನ್ನ ಬಳಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ: ಬೇರೆ ಡ್ರೈವ್‌ಗೆ ಹಾಕಿದರೆ ತೋಳು ಹೋಗಿ ಸ್ಟಾಪರಿಗೆ ಬಡಿಯುತ್ತದೆ.

ಹೆಡ್ ನಿಜಕ್ಕೂ ಹೋಯಿತೇ ಎಂದು ನೋಡಲು 225ರ ಪಕ್ಕದಲ್ಲಿ ಹೊರಗೇ ಇರುವ ಸ್ಟೆಪ್ಪರ್ ದಂಡದ ಮೇಲೆ ನೇಲ್ ಪಾಲಿಶ್ ಚುಕ್ಕೆ ಇಡಿ. ಬೂಟ್ ಆದಾಗ ಚುಕ್ಕೆ ಎಲ್ಲಿದೆ, ಪಾರ್ಕ್ ಆದಾಗ ಎಲ್ಲಿದೆ, ಗುರುತು ಹಾಕಿಕೊಳ್ಳಿ. ಸುಮ್ಮನೆ ಪ್ರಾಂಪ್ಟಿಗೆ ಬರುವ ಪಾರ್ಕ್ ಓಡಿಸಿ ಡಿಐಆರ್ ಹೊಡೆದರೆ ಚುಕ್ಕೆ ಹಿಂದಕ್ಕೆ ಓಡುವುದು ಕಣ್ಣಿಗೇ ಕಾಣುತ್ತದೆ. ಅನುಮಾನ ಪಡುವವರಿಗೆ ನಾನು ಇದನ್ನೇ ತೋರಿಸುವುದು, ಆಮೇಲೆ ವಾದ ಇರುವುದಿಲ್ಲ.

ಪಾರ್ಕ್ ಮಾಡಿದರೆ ಸ್ಟಿಕ್ಷನ್ ಹೆಚ್ಚು ಎನ್ನುವವರೂ ಇದ್ದಾರೆ. ತಿಂಗಳುಗಟ್ಟಲೆ ಆರಿಸಿಟ್ಟರೆ ಹೆಡ್ ತಟ್ಟೆಗೆ ಅಂಟುತ್ತದೆ, ಪಾರ್ಕ್ ಮಾಡಿದರೂ ಮಾಡದಿದ್ದರೂ. ಒಳಗಿನ ಟ್ರ್ಯಾಕ್‌ನಲ್ಲಿ ಅಂಟಿದ್ದನ್ನು ಬಿಡಿಸಲು ಮೋಟಾರಿಗೆ ಸುಲಭ, ತ್ರಿಜ್ಯ ಚಿಕ್ಕದು. 0ನೇ ಸಿಲಿಂಡರಿನ ಹೊರ ಅಂಚಿನಲ್ಲಿ ಅಂಟಿದರೆ ಹೆಚ್ಚು ಬಲ ಬೇಕು, ಕಿತ್ತು ಬರುವುದೂ ಫ್ಯಾಟ್ ಮೇಲಿನ ಲೇಪವೇ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ. ಉಸಿರಾಟದ ತೂತಿಗೆ ಟೇಪ್ ಹಚ್ಚಬೇಡಿ. ಗೋವಾದ ಒಂದು ಕಡೆ ತೇವ ಬರದಿರಲೆಂದು ಹಾಗೆ ಹಚ್ಚಿಟ್ಟದ್ದನ್ನು ನೋಡಿದ್ದೇನೆ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿದಾಗ ಫಿಲ್ಟರ್ ಬಿಟ್ಟು ಬೇರೆ ಸಂದಿಯಿಂದ ಧೂಳು ಎಳೆದುಕೊಳ್ಳುತ್ತದೆ.

ಹಣದ ಮಾತು. ಮುಂಬೈಯ ಲ್ಯಾಮಿಂಗ್ಟನ್ ರೋಡ್ ಸುತ್ತಿ ಓಡುವ 225 ಸಿಕ್ಕರೆ ನಾಲ್ಕು ಐದು ಸಾವಿರ ಹೇಳುತ್ತಾರೆ, ಗ್ಯಾರಂಟಿ ಇಲ್ಲ. ಡೇಟಾ ತೆಗೆದುಕೊಡುವವರು ಇಪ್ಪತ್ತು ಸಾವಿರದಿಂದ ಮಾತು ಶುರುಮಾಡುತ್ತಾರೆ. 17 ಬೈಟಿಗೆ ಖರ್ಚಿಲ್ಲ. ಇದ್ದಕ್ಕಿದ್ದಂತೆ ಕರೆಂಟು ಹೋಗುವುದಕ್ಕೆ ಮಾತ್ರ ಖರ್ಚು ಬೇಕು: 600 ವಿಎ ಯುಪಿಎಸ್ ಮೂರು ಸಾವಿರದ ಆಸುಪಾಸು, ಎರಡು ಮೂರು ವರ್ಷಕ್ಕೊಮ್ಮೆ ಬ್ಯಾಟರಿ. ಜೊತೆಗೆ ನಾನು ಒಂದು ಟಿಎಸ್‌ಆರ್ (ಮೆಮೊರಿಯಲ್ಲೇ ಉಳಿದು ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಹಾಕುತ್ತೇನೆ, ಮೂರು ನಿಮಿಷ ಡಿಸ್ಕ್ ಸುಮ್ಮನಿದ್ದರೆ ಹೆಡ್ಡನ್ನು ಕೊನೆಗೆ ಕಳಿಸುತ್ತದೆ. ಸೆಕೆಂಡಿಗೆ 18.2 ಟಿಕ್ ಲೆಕ್ಕದಲ್ಲಿ ಸುಮಾರು 3,276. ಇಂಟರಪ್ಟ್ 13 ನಡೆಯುತ್ತಿರುವಾಗ ಮಧ್ಯೆ ನುಗ್ಗದಂತೆ ಒಂದು ಫ್ಲ್ಯಾಗ್ ಇಡುವುದು ಮರೆತರೆ ಡಿಸ್ಕಿಗೆ ಮಣ್ಣೇ. ಲೇತ್ ಪಿಸಿ ದಿನದ ಬಹುಪಾಲು ಖಾಲಿ ಕೂತಿರುವುದರಿಂದ ಕರೆಂಟು ಹೋದಾಗ ಹೆಡ್ ಆಗಲೇ ಜಾಗದಲ್ಲಿರುತ್ತದೆ.

ಆಮೇಲೆ ಬಂದ, ಕಂಟ್ರೋಲರ್ ತನ್ನ ಮೇಲೇ ಇರುವ ಐಡಿಇ ಡ್ರೈವ್‌ಗೆ ಇದ್ಯಾವುದೂ ಬೇಡ. ಬಯೋಸ್ ಹೇಳುವ ಸಿಲಿಂಡರ್ ಲೆಕ್ಕ ಅಲ್ಲಿ ಅನುವಾದ ಮಾಡಿದ್ದು, ಹಳೇ ಪಾರ್ಕ್ ಓಡಿಸಿದರೆ ಕೊನೆಯ ಡೇಟಾದ ಮೇಲೆ ಹೋಗಿ ನಿಲ್ಲುತ್ತದೆ ಅಷ್ಟೇ. ಆರಿಸಿದಾಗ ಡ್ರೈವ್ ತನ್ನ ಜಾಗಕ್ಕೆ ತಾನೇ ಹೋಗುತ್ತದೆ. ಲಿನಕ್ಸ್ ಇದ್ದರೆ ಸ್ವಿಚ್ ಎಳೆಯುವ ಮೊದಲು ಎಚ್‌ಡಿಪಾರ್ಮ್ ಎಂಬ ಆಜ್ಞೆಯಿಂದ ಸ್ಟ್ಯಾಂಡ್‌ಬೈಗೆ ಕಳಿಸಿ. ಸ್ಮಾರ್ಟ್ ಪಟ್ಟಿಯ (ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) 192ನೇ ಸಾಲು ಏರುತ್ತಿದ್ದರೆ ಯಾರೋ ನೇರವಾಗಿ ಕರೆಂಟು ಕಡಿಯುತ್ತಿರಬಹುದು.