ನಡುರಾತ್ರಿಯ ಹಸಿವಿಗೆ ಸಂಜೆಯೇ ಸಿದ್ಧತೆ

ನಡುರಾತ್ರಿ ಫ್ರಿಜ್ ಬಾಗಿಲು ತೆರೆದು, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು, ಒಳಗಿನ ಬೆಳಕಿನಲ್ಲೇ ನಿಂತು ತಿನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕೆಲವು ವರ್ಷ ನಾನೂ ಆ ಪಂಗಡದವನೇ ಆಗಿದ್ದೆ. ಹಾಗೆ ನಿಂತವರು ಏನನ್ನೂ ಆರಿಸುವುದಿಲ್ಲ, ಕೈಗೆ ಮೊದಲು ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ಹುಳಿತೇಗಿನೊಂದಿಗೆ ಎದ್ದು ತಮಗೆ ಮನಸ್ಸಿನ ಹಿಡಿತವೇ ಇಲ್ಲವೆಂದು ಕೊರಗುತ್ತಾರೆ. ನಿದ್ದೆಗಣ್ಣಿನಲ್ಲಿ ಹಿಡಿತ ಯಾರಿಗೂ ಇರುವುದಿಲ್ಲ. ರಾತ್ರಿಯ ತಿಂಡಿಯನ್ನು ಹೊಟ್ಟೆ ತಣ್ಣಗಿರುವಾಗಲೇ, ಅಂದರೆ ಸಂಜೆ ಅಡುಗೆಮನೆಯಲ್ಲೋ ಅಂಗಡಿಯಲ್ಲೋ ಆರಿಸಿಬಿಡಬೇಕು.

ಹಂತ 1: ಹಸಿವೋ ಚಪಲವೋ ನೋಡಿ

ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಕಾಯಿರಿ. ಬೇಯಿಸಿದ ಮೊಟ್ಟೆಯಾಗಲಿ, ಸಪ್ಪೆ ಮೊಸರಾಗಲಿ, ಏನು ಕೊಟ್ಟರೂ ತಿನ್ನುತ್ತೇನೆ ಎನಿಸಿದರೆ ಅದು ಹಸಿವು. ಚಿಪ್ಸ್ ಬಿಟ್ಟು ಬೇರೇನೂ ಬೇಡ ಎನಿಸಿದರೆ ಅದು ಬಾಯಿಚಪಲ. ಚಪಲಕ್ಕೆ ಮದ್ದು ದೀಪ ಆರಿಸಿ ಮಲಗುವುದು. ದಿನವೂ ಅದೇ ಹೊತ್ತಿಗೆ ನಿಜವಾದ ಹಸಿವೇ ಆಗುತ್ತಿದ್ದರೆ ತಪ್ಪು ರಾತ್ರಿಯ ಊಟದಲ್ಲಿದೆ. ಅದರಲ್ಲಿ ಪ್ರೋಟೀನ್ ಎಷ್ಟಿತ್ತು ಎಂದು ಒಮ್ಮೆ ನೆನಪಿಸಿಕೊಳ್ಳಿ.

ಹಂತ 2: ಗಡಿಯಾರ ನೋಡಿ

ತಿಂದ ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಮರಳಿ ಎದೆಯುರಿ ಬರುತ್ತದೆ. ಊಟಕ್ಕೂ ನಿದ್ದೆಗೂ 2ರಿಂದ 3 ಗಂಟೆ ಅಂತರವಿರಲಿ ಎನ್ನುವುದು ಇದಕ್ಕೇ. ಅಷ್ಟು ಅಂತರ ಸಾಧ್ಯವಾಗದಿದ್ದರೆ ತಿಂಡಿ ಚಿಕ್ಕದಿರಲಿ, ಜಿಡ್ಡು ಕಡಿಮೆಯಿರಲಿ. ಜಿಡ್ಡಿನ ತಿಂಡಿ ಹೊಟ್ಟೆಯಿಂದ ಕೆಳಗಿಳಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಇನ್ನೊಂದು ಸಂಗತಿ: ಬೆಳಿಗ್ಗೆ ತಿಂದ ಸಿಹಿಗಿಂತ ರಾತ್ರಿ ತಿಂದ ಅದೇ ಸಿಹಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ರಾತ್ರಿಯ ತಿಂಡಿಯ ವಿಷಯದಲ್ಲಿ ಈ ಲೇಖನವನ್ನು ಬದಿಗಿಟ್ಟು ತಮ್ಮ ವೈದ್ಯರ ಮಾತನ್ನೇ ಕೇಳಬೇಕು.

ಹಂತ 3: ಜೋಡಿ ಮಾಡಿ

ಪ್ರೋಟೀನ್ ಒಂದು, ನಾರು ಒಂದು. ಸೇಬಿನ ಜೊತೆ ಒಂದು ಚಿಕ್ಕ ಹಿಡಿ ಹುರಿದ ಕಡಲೆಬೀಜ, ಸಪ್ಪೆ ಮೊಸರಿನ ಜೊತೆ ಹೆಚ್ಚಿದ ಹಣ್ಣು, ಮೊಟ್ಟೆಯ ಜೊತೆ ಕ್ಯಾರೆಟ್. ನನ್ನ ಮತ ಮೊಟ್ಟೆಗೆ. ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 70–80 ಕ್ಯಾಲೊರಿ. ಸಂಜೆಯೇ ಎರಡು ಬೇಯಿಸಿ, ಸಿಪ್ಪೆ ಬಿಡಿಸದೆ ಫ್ರಿಜ್ಜಿನಲ್ಲಿ ಕಣ್ಣಿಗೆ ಬೀಳುವ ಕಡೆ ಇಡಿ. ಸಿಪ್ಪೆ ಬಿಡಿಸುವಷ್ಟೂ ಶ್ರಮ ಬೇಡ ಎನಿಸಿದರೆ ನಿಮಗೆ ಹಸಿವಿಲ್ಲ ಎಂದೇ ಅರ್ಥ. ಬೆಚ್ಚಗಿನ ಹಾಲೂ ಒಳ್ಳೆಯದೇ. ಆದರೆ ಅದರಲ್ಲಿರುವ ಟ್ರಿಪ್ಟೊಫ್ಯಾನ್ ಮಲಗಿಸಿಬಿಡುತ್ತದೆ ಎಂದು ನೆಚ್ಚಿಕೊಳ್ಳಬೇಡಿ, ಒಂದು ಲೋಟದಲ್ಲಿ ಅದು ಇರುವುದೇ ಅಲ್ಪ.

ಹಂತ 4: ಪೊಟ್ಟಣವನ್ನು ತಿರುಗಿಸಿ

ಎಲ್ಲರೂ ಎಡವುವುದು ಇಲ್ಲಿ. ಮುಂಬದಿಯಲ್ಲಿ ಹಸಿರು ಎಲೆ, ಗೋಧಿಯ ತೆನೆ, ‘ನಾರು ತುಂಬಿದ’ ಎಂಬ ದಪ್ಪಕ್ಷರ. ಅಷ್ಟನ್ನು ನೋಡಿ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಮುಂಬದಿಯಲ್ಲಿರುವುದು ಜಾಹೀರಾತು. ಓದಬೇಕಾದದ್ದು ಹಿಂಬದಿಯ ಸಣ್ಣಕ್ಷರ.

ಮೊದಲು ಪದಾರ್ಥಗಳ ಪಟ್ಟಿ. ಅದನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಹೆಚ್ಚು ಇರುವುದು ಮೊದಲು. ‘ಬಹುಧಾನ್ಯ’ ಎಂದು ಕೂಗುವ ಬಿಸ್ಕತ್ತಿನ ಪಟ್ಟಿಯಲ್ಲಿ ಮೊದಲ ಹೆಸರು ಮೈದಾ ಆಗಿದ್ದು, ಧಾನ್ಯಗಳೆಲ್ಲ ಉಪ್ಪಿನ ಅಕ್ಕಪಕ್ಕದಲ್ಲಿದ್ದರೆ ಅದು ಮೈದಾ ಬಿಸ್ಕತ್ತೇ. ಬಳಿಕ ಸಕ್ಕರೆಯನ್ನು ಹುಡುಕಿ. ಅದು ವೇಷ ಮರೆಸಿಕೊಂಡು ಬರುತ್ತದೆ: ಗ್ಲೂಕೋಸ್ ಸಿರಪ್, ಡೆಕ್ಸ್ಟ್ರೋಸ್, ಫ್ರಕ್ಟೋಸ್, ಇನ್ವರ್ಟ್ ಸಿರಪ್. ಒಂದೇ ಪಟ್ಟಿಯಲ್ಲಿ ಇವುಗಳಲ್ಲಿ ಮೂರು ಬಿಡಿಬಿಡಿಯಾಗಿ ಬಂದರೆ ಒಂದೊಂದೂ ಕೆಳಗಿಳಿದು ಸಣ್ಣದಾಗಿ ಕಾಣುತ್ತದೆ. ಕೂಡಿಸಿದರೆ ಪಟ್ಟಿಯ ತಲೆಗೇ ಏರಬಹುದು.

ಆಮೇಲೆ ಅಂಕಿಗಳ ಕೋಷ್ಟಕ. ಇಲ್ಲಿ ಎರಡು ಸಾಲು ಅಂಕಿಗಳಿರಬಹುದು, ಒಂದು ‘100 ಗ್ರಾಂಗೆ’, ಇನ್ನೊಂದು ‘ಒಂದು ಬಾರಿಗೆ’. ಎರಡನೆಯದರಲ್ಲೇ ಮೋಸ ಹೋಗುವುದು. ಉದಾಹರಣೆಗೆ, ಒಂದು ಬಾರಿಗೆ ಎಂದರೆ 25 ಗ್ರಾಂ, ಅಂದರೆ ಎರಡು ಬಿಸ್ಕತ್ತು, ಸಕ್ಕರೆ 5 ಗ್ರಾಂ ಎಂದು ಬರೆದಿದೆ ಎನ್ನಿ. ಐದೇ ಗ್ರಾಂ ತಾನೇ ಎನಿಸುತ್ತದೆ. ಎರಡಕ್ಕೆ ನಿಲ್ಲಿಸಿದವರನ್ನು ನಾನು ಇನ್ನೂ ಕಂಡಿಲ್ಲ. ಆರು ತಿಂದರೆ 15 ಗ್ರಾಂ, 150 ಗ್ರಾಂನ ಪೊಟ್ಟಣ ಖಾಲಿಯಾದರೆ 30 ಗ್ರಾಂ. ಚಹಾ ಚಮಚಕ್ಕೆ 4 ಗ್ರಾಂ ಎಂದು ಲೆಕ್ಕ ಹಾಕಿ, ಏಳೂವರೆ ಚಮಚ. ಬೆರೆಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ದಾಟದಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ದಿನದ ಕಾಫಿ, ಚಹಾ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹೀಗಾಗಿ ಯಾವ ಎರಡು ತಿಂಡಿಗಳನ್ನು ಹೋಲಿಸುವಾಗಲೂ 100 ಗ್ರಾಂ ಸಾಲನ್ನೇ ನೋಡಿ.

ಉಪ್ಪಿಗೂ ಇದೇ ಲೆಕ್ಕ. ಪೊಟ್ಟಣದ ಮೇಲೆ ಸೋಡಿಯಂ ಎಂದಿದ್ದರೆ ಎರಡೂವರೆಯಿಂದ ಗುಣಿಸಿ, ಅದು ಉಪ್ಪು. ದಿನಕ್ಕೆ 5 ಗ್ರಾಂ ಒಳಗೆ ಇರಬೇಕೆಂಬುದು ಸಲಹೆ. ದಿಢೀರ್ ನೂಡಲ್ಸ್ ಪೊಟ್ಟಣವನ್ನು ಒಮ್ಮೆ ಹೀಗೆ ಗುಣಿಸಿ ನೋಡಿ, ಮತ್ತೆ ರಾತ್ರಿ ನೀರು ಕಾಯಿಸಲು ಮನಸ್ಸಾಗುವುದಿಲ್ಲ. ನಾರಿನ ಹೆಗ್ಗಳಿಕೆಗೂ ಅಳತೆಯಿದೆ. ಆಹಾರಕ್ಕೆ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಕೋಡೆಕ್ಸ್ ಪ್ರಕಾರ 100 ಗ್ರಾಂನಲ್ಲಿ 6 ಗ್ರಾಂ ನಾರಿದ್ದರೆ ಮಾತ್ರ ‘ಹೆಚ್ಚು ನಾರು’.

ಈ ತಲೆನೋವೇ ಬೇಡವೆನ್ನುವವರಿಗೆ ಅಡ್ಡದಾರಿ: ಪೊಟ್ಟಣವಿಲ್ಲದ್ದನ್ನು ಕೊಳ್ಳಿ. ಬಾಳೆಹಣ್ಣಿಗೆ ಪದಾರ್ಥಗಳ ಪಟ್ಟಿ ಬೇಕಿಲ್ಲ.

ಎನರ್ಜಿ ಬಾರ್‌ಗಳ ಬಗ್ಗೆ ನನಗೆ ಸ್ವಲ್ಪವೂ ಗೌರವವಿಲ್ಲ. ಅವುಗಳಲ್ಲಿ ಬಹುಪಾಲು ಓಟ್ಸ್ ಅಂಟಿಸಿದ ಮಿಠಾಯಿ. ‘ಸಕ್ಕರೆರಹಿತ’ ಚಾಕೊಲೇಟ್ ಇನ್ನೂ ಅಪಾಯ: ಅದರಲ್ಲಿ ಬಳಸುವ ಮಾಲ್ಟಿಟಾಲ್‌ನಂಥ ಸಿಹಿಕಾರಕ ಹೆಚ್ಚಾದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಒಮ್ಮೆ ಅರ್ಧ ಬಾರ್ ತಿಂದು ಇಡೀ ರಾತ್ರಿ ಬಾತ್ರೂಮಿನ ದೀಪ ಆರಿಸದೆ ಕಳೆದಿದ್ದೇನೆ. ಮಾಮೂಲಿ ಚಾಕೊಲೇಟಿನಲ್ಲೂ ಕೆಫೀನ್ ಇದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಹಾಗಾಗಿ ರಾತ್ರಿ ತಿಂಡಿಯ ಜೊತೆಗೆ ಕಾಫಿಯಂತೂ ಬೇಡವೇ ಬೇಡ.

ಹಂತ 5: ಬಟ್ಟಲಿಗೆ ಸುರಿದು ಕಟ್ಟಿಡಿ

ಪೊಟ್ಟಣದೊಳಗೆ ಕೈ ಹಾಕಬೇಡಿ. ಕಡಲೆಬೀಜ ಒಳ್ಳೆಯದೇ, ಆದರೆ 100 ಗ್ರಾಂನಲ್ಲಿ 560ಕ್ಕೂ ಹೆಚ್ಚು ಕ್ಯಾಲೊರಿ ಇರುವುದರಿಂದ ಚಿಪ್ಸಿಗೇನೂ ಕಡಿಮೆಯಿಲ್ಲ. ಒಂದು ಹಿಡಿ, ಅಂದರೆ ಸುಮಾರು 25–30 ಗ್ರಾಂ ಬಟ್ಟಲಿಗೆ ಸುರಿಯಿರಿ, ಡಬ್ಬಿ ಮುಚ್ಚಿ ಮೇಲಿನ ಕಪಾಟಿಗೆ ಸೇರಿಸಿ, ಆಮೇಲೆ ಕುಳಿತು ತಿನ್ನಿ. ಎಣ್ಣೆಯಿಲ್ಲದೆ ಅರಳಿಸಿದ ಪಾಪ್‌ಕಾರ್ನ್ ಆದರೆ ಧಾರಾಳವಾಗಿ ತಿನ್ನಬಹುದು, ಒಂದು ಕಪ್ಪಿಗೆ ಸುಮಾರು 30 ಕ್ಯಾಲೊರಿ ಅಷ್ಟೇ. ಬೆಣ್ಣೆ ಸುವಾಸನೆಯ ಮೈಕ್ರೋವೇವ್ ಪೊಟ್ಟಣ ಈ ಲೆಕ್ಕಕ್ಕೆ ಸೇರುವುದಿಲ್ಲ.

ತಿಂದಾದ ಮೇಲೆ ಮತ್ತೊಮ್ಮೆ ಹಲ್ಲುಜ್ಜಿ. ನಿದ್ದೆಯಲ್ಲಿ ಜೊಲ್ಲು ಒಸರುವುದು ಕಡಿಮೆ, ಬಾಯಲ್ಲಿ ಉಳಿದ ಸಕ್ಕರೆ ರಾತ್ರಿಯಿಡೀ ಹಲ್ಲಿಗೇ ಅಂಟಿಕೊಂಡಿರುತ್ತದೆ. ಪೇಸ್ಟಿನ ಪುದೀನ ರುಚಿ ನಾಲಿಗೆಯ ಮೇಲಿರುವಾಗ ಇನ್ನೊಂದು ಸುತ್ತು ಬಾಯಾಡಿಸುವ ಮನಸ್ಸೂ ಬರುವುದಿಲ್ಲ.