ಲಘು ಕೈಗಾರಿಕಾ ವಲಯ: ಯಾವ ಉದ್ಯಮಕ್ಕೆ ಜಾಗ, ಯಾವುದಕ್ಕೆ ಬೇಡ

ಲಘು ಕೈಗಾರಿಕಾ ವಲಯದಲ್ಲಿ ಜಾಗ ಕೇಳಿ ಬಂದ ಅರ್ಜಿಯನ್ನು ಅದರಲ್ಲಿರುವ ಉದ್ಯಮದ ಹೆಸರು ನಂಬಿ ತೀರ್ಮಾನಿಸಬೇಡಿ. ‘ಪೌಡರ್ ಕೋಟಿಂಗ್’ ಕೇಳಲು ಒಣ ಕೆಲಸ: ಕಬ್ಬಿಣದ ಮೇಲೆ ಬಣ್ಣದ ಪುಡಿ ಸಿಂಪಡಿಸಿ 180–200 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಬೇಯಿಸಿದರೆ ಮುಗಿಯಿತು. ಆದರೆ ಪುಡಿ ಕಚ್ಚಿಕೊಳ್ಳಬೇಕಾದರೆ ಮೊದಲು ಕಬ್ಬಿಣದ ಜಿಡ್ಡು, ತುಕ್ಕು ಹೋಗಬೇಕು. ಅದಕ್ಕೇ ಶೆಡ್ಡಿನ ಹಿಂಬದಿಯಲ್ಲಿ ‘ಸೆವೆನ್ ಟ್ಯಾಂಕ್’ ಸಾಲು ಇರುತ್ತದೆ: ಜಿಡ್ಡು ತೆಗೆಯಲು ಒಂದು, ಆಸಿಡ್ಡಿಗೆ ಒಂದು, ಫಾಸ್ಫೇಟಿಂಗಿಗೆ (ಬಣ್ಣ ಹಿಡಿಯಲು ಕೊಡುವ ಫಾಸ್ಫೇಟ್ ಪದರ) ಒಂದು, ನಡುನಡುವೆ ಜಾಲಿಸುವ ನೀರು. ಅಪಾಯ ಓವನ್ನಿನದಲ್ಲ, ಆ ಜಾಲಿಸಿದ ನೀರಿನದು. ಇಟಿಪಿ (ಕೊಳೆನೀರು ಶುದ್ಧೀಕರಿಸುವ ಘಟಕ) ಇಲ್ಲದಿದ್ದರೆ ಅದು ಸೀದಾ ಮಳೆನೀರಿನ ಚರಂಡಿಗೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಎಂಬ ಲೋಹ ಕಾಣಿಸಿಕೊಂಡಿರುವಾಗ ಇದನ್ನು ಸಣ್ಣ ವಿಷಯ ಎನ್ನುವಂತಿಲ್ಲ.

ಆದ್ದರಿಂದ ಮೂರು ಪಟ್ಟಿ ಕೇಳಿ: ಎಚ್‌ಪಿ ಸಮೇತ ಯಂತ್ರಗಳು, ದಿನದ ನೀರು, ಉಳಿಯುವ ತ್ಯಾಜ್ಯ. ನೀರಿನ ಪಟ್ಟಿ ಬಹಳ ಗುಟ್ಟು ಬಿಡುತ್ತದೆ. ತಲೆಗೆ 45 ಲೀಟರ್ ಹಿಡಿದರೂ 20 ಕೆಲಸಗಾರರಿಗೆ 900 ಲೀಟರ್ ಸಾಕು. ದಿನವೂ 5000 ಲೀಟರಿನ ಟ್ಯಾಂಕರ್ ಬರುತ್ತಿದೆಯೆಂದರೆ ಒಳಗೆ ಏನನ್ನೋ ತೊಳೆಯುತ್ತಿದ್ದಾರೆ.

ಆಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿ ಉದ್ಯಮಕ್ಕೆ ಕೊಟ್ಟ ಬಣ್ಣ ನೋಡಿ: ಬಿಳಿ ಎಂದರೆ ಅತಿ ಕಡಿಮೆ ಮಾಲಿನ್ಯ, ಕೆಂಪು ಎಂದರೆ ಅತಿ ಹೆಚ್ಚು. 2016ರ ವಿಂಗಡಣೆಯಲ್ಲಿ ಸೈಕಲ್ ಜೋಡಣೆ ಬಿಳಿ, ಯಂತ್ರದ ಮರಗೆಲಸ ಹಸಿರು, ಪೇಂಟಿಂಗ್ ಇರುವ ಗ್ಯಾರೇಜು ಕಿತ್ತಳೆ, ಪ್ಲೇಟಿಂಗ್ (ಲೋಹಕ್ಕೆ ಲೋಹದ ಲೇಪ) ಮತ್ತು ಡೈಯಿಂಗ್ (ಬಟ್ಟೆಗೆ ಬಣ್ಣ) ಕೆಂಪು. ಬೇಕರಿ ದಿನಕ್ಕೆ ಒಂದು ಟನ್ ಮೀರಿದರೆ ಹಸಿರಿನಿಂದ ಕಿತ್ತಳೆಗೆ ಜಿಗಿಯುತ್ತಿತ್ತು. 2025ರಲ್ಲಿ ಪಟ್ಟಿ ಪರಿಷ್ಕರಣೆಯಾಗಿದೆ, ಹಳೆಯ ಜೆರಾಕ್ಸ್ ಇಟ್ಟುಕೊಂಡು ಕೂರಬೇಡಿ. ಬಿಳಿ, ಹಸಿರು ಬರಲಿ. ಕಿತ್ತಳೆಯನ್ನು ಸ್ಥಳ ನೋಡಿಯೇ ಒಪ್ಪಿ. ಕೆಂಪು ಇಲ್ಲಿಗೆ ಬೇಡ.

ಸದ್ದನ್ನು ಶೆಡ್ಡಿನ ಬಾಗಿಲಲ್ಲಲ್ಲ, ಹತ್ತಿರದ ಮನೆಯ ಗೋಡೆಯ ಬಳಿ ಅಳೆಯಿರಿ. ಕೈಗಾರಿಕಾ ಪ್ರದೇಶದ ಮಿತಿ ಹಗಲು 75, ರಾತ್ರಿ 70 ಡೆಸಿಬೆಲ್. ವಸತಿಗೆ 55 ಮತ್ತು 45. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗಿನ 6. ಪವರ್ ಪ್ರೆಸ್ಸಿಗೆ ಮೀಟರ್ ಮಾತ್ರ ಸಾಲದು, ಪಕ್ಕದ ಗೋಡೆಗೆ ಕೈಯಿಟ್ಟು ಅದುರುವಿಕೆ ನೋಡಿ.

ರಸ್ತೆ 9 ಮೀಟರ್ ಇದ್ದರೆ 40 ಅಡಿ ಕಂಟೇನರ್ ಒಂದೇ ಏಟಿಗೆ ತಿರುಗುವುದಿಲ್ಲ. ದೊಡ್ಡ ಗೋದಾಮುಗಳನ್ನು ಅಲ್ಲಿಂದ ದೂರವಿಡಿ.

ಹೊಗೆಯೇ ಇಲ್ಲದ ಅರ್ಜಿಗಳೂ ವಲಯವನ್ನು ಕೆಡಿಸುತ್ತವೆ. ಶೋರೂಮು, ಜಿಮ್, ಕಲ್ಯಾಣಮಂಟಪಗಳು ಹೆಚ್ಚು ಬಾಡಿಗೆ ಕೊಡಬಲ್ಲವು. ನಾಲ್ಕು ಲೇತ್ ಯಂತ್ರ ಇಟ್ಟುಕೊಂಡ ಸಣ್ಣ ಉದ್ಯಮಿ ಆ ಬಾಡಿಗೆ ತಾಳಲಾರ. ಬಜಾರಿನ ಬೀದಿಯಲ್ಲಿ ನಡೆಯಬಹುದಾದ ವ್ಯಾಪಾರ ಅಲ್ಲೇ ನಡೆಯಲಿ.

ಒಪ್ಪಿಗೆ ಪತ್ರದಲ್ಲಿ ಉದ್ಯಮದ ಹೆಸರಿನ ಜೊತೆ ಪ್ರಕ್ರಿಯೆಯನ್ನೂ ಬರೆಯಿರಿ: ‘ಪೌಡರ್ ಕೋಟಿಂಗ್, ಆಸಿಡ್ ತೊಟ್ಟಿ ಇಲ್ಲದೆ’. ಮರುಪರಿಶೀಲನೆಗೆ ಕತ್ತಲಾದ ಮೇಲೆ ಹೋಗಿ, ಚರಂಡಿಯ ಕಡೆಯಿಂದ.