ನಮೂನೆ 12ಡಿ: ಕೊರೊನಾ ಕಾಲದಲ್ಲಿ ಅಂಚೆ ಮತದ ಅರ್ಜಿ ತುಂಬಿಸಿದ ಅನುಭವ

ಮತಪತ್ರವನ್ನು ಮನೆಗೇ ತರಿಸಿಕೊಂಡು ಹಾಕುವ ಅಂಚೆ ಮತಕ್ಕೆ ಅರ್ಜಿ ಎಂದರೆ ಒಂದು ಹಾಳೆ, ನಮೂನೆ 12ಡಿ. ಹೆಸರು, ವಿಳಾಸ, ಮೊಬೈಲ್ ನಂಬರು, ಮತದಾರರ ಪಟ್ಟಿಯ ಭಾಗ ಸಂಖ್ಯೆ, ಅದರೊಳಗಿನ ಕ್ರಮ ಸಂಖ್ಯೆ, ಯಾವ ವರ್ಗ (ಆಗ 80 ದಾಟಿದವರು, ಅಂಗವಿಕಲರು, ಕೊರೊನಾ ಸೋಂಕಿತರು) ಎಂಬುದಕ್ಕೆ ಒಂದು ಗುರುತು, ಕೆಳಗೆ ಸಹಿ. ಹಾಳೆ ಸುಲಭವೇ. ಜೀವ ಹಿಂಡಿದ್ದು ಗಡುವು. ಅಧಿಸೂಚನೆ ಹೊರಬಿದ್ದು ಐದು ದಿನದೊಳಗೆ ತುಂಬಿದ ಅರ್ಜಿ ಚುನಾವಣಾಧಿಕಾರಿಯ ಮೇಜಿನ ಮೇಲಿರಬೇಕು. 2020ರ ನವೆಂಬರ್ 3ರಂದು ರಾಜರಾಜೇಶ್ವರಿ ನಗರ ಮತ್ತು ಶಿರಾದಲ್ಲಿ ಉಪಚುನಾವಣೆ ನಡೆಯಿತಲ್ಲ, ಅದಕ್ಕೆ ಅಧಿಸೂಚನೆ ಬಂದದ್ದು ಅಕ್ಟೋಬರ್ 9, ಶುಕ್ರವಾರ. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ನಾಮಪತ್ರಕ್ಕೆ 16ರವರೆಗೆ ಕಾಲವಿತ್ತು. ಅಂದರೆ ಕಣದಲ್ಲಿ ಯಾರಿದ್ದಾರೆ ಎಂದು ಗೊತ್ತಾಗುವ ಮೊದಲೇ ಅಜ್ಜಿ ‘ಮನೆಯಿಂದಲೇ ಹಾಕುತ್ತೇನೆ’ ಎಂದು ಬರೆದುಕೊಡಬೇಕು.

ಹಾಗಾಗಿ ಐದು ದಿನದ ಕೆಲಸವನ್ನು ಅದಕ್ಕೂ ಮುಂಚೆಯೇ ಮುಗಿಸಿಟ್ಟುಕೊಳ್ಳಬೇಕು ಎಂಬುದು ನಮ್ಮ ಮೊದಲ ತೀರ್ಮಾನ.

ಚುನಾವಣೆ ಘೋಷಣೆಯಾದ ಕೂಡಲೇ ಪ್ರತಿ ಭಾಗದ ಪಟ್ಟಿಯಿಂದ 80 ದಾಟಿದವರ ಹೆಸರು ಬೇರೆ ತೆಗೆದೆವು. ಸಾವಿರ ಮತದಾರರ ಭಾಗದಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಹೆಸರು ಸಿಗುತ್ತವೆ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಪ್ರತಿ ಹೆಸರಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಬೇಕು: ಇದ್ದಾರೆ, ತೀರಿಹೋಗಿದ್ದಾರೆ, ಇನ್ನೊಬ್ಬ ಮಗನ ಮನೆಯಲ್ಲಿದ್ದಾರೆ. ಮೂರನೆಯದು ನಾವು ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಲಾಕ್‌ಡೌನಿನಲ್ಲಿ ಮಕ್ಕಳು ಬಂದು ಕರೆದುಕೊಂಡು ಹೋದವರು ವಾಪಸ್ ಬಂದಿರಲಿಲ್ಲ. ಅಂಥವರಿಗೆ ಅರ್ಜಿ ಕೊಟ್ಟು ಪ್ರಯೋಜನವಿಲ್ಲ, ಮತಪತ್ರ ಹಿಡಿದು ತಂಡ ಹೋಗುವುದು ಪಟ್ಟಿಯ ವಿಳಾಸಕ್ಕೆ. ಇದೇ ಸುತ್ತಿನಲ್ಲಿ ಮನೆಯಲ್ಲಿ ಫೋನ್ ಎತ್ತುವವರ ನಂಬರು ಬರೆದುಕೊಳ್ಳಬೇಕು. ಮಗನದಲ್ಲ, ಹಗಲು ಮನೆಯಲ್ಲಿರುವ ಸೊಸೆಯದೋ ಮೊಮ್ಮಗಳದೋ.

ಆಮೇಲೆ ಚೀಟಿ. ಎ4 ಹಾಳೆಯ ನಾಲ್ಕನೇ ಒಂದು ಭಾಗದಷ್ಟು ಕಾಗದದಲ್ಲಿ ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಎಪಿಕ್ (ಮತದಾರರ ಗುರುತಿನ ಚೀಟಿಯ) ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ 12ಡಿಗೆ ಪಿನ್ ಮಾಡಿದೆವು. ಅರ್ಜಿಗಳು ಎಡವುತ್ತಿದ್ದದ್ದೇ ಇಲ್ಲಿ. ಕ್ರಮ ಸಂಖ್ಯೆ ಕೇಳಿದರೆ ಜನ ಗುರುತಿನ ಚೀಟಿಯ ಹತ್ತು ಅಕ್ಷರ ಬರೆಯುತ್ತಾರೆ, ಇಲ್ಲವೇ ಹಳೆಯ ಚುನಾವಣೆಯ ಚೀಟಿ ತೆಗೆದು ಅದರ ಸಂಖ್ಯೆ ಬರೆಯುತ್ತಾರೆ. ಪಟ್ಟಿ ಪರಿಷ್ಕರಣೆಯಾಗಿ ಆ ಸಂಖ್ಯೆಯಲ್ಲಿ ಈಗ ಬೇರೆ ಯಾರೋ ಇರುತ್ತಾರೆ. ಆ ವರ್ಷ ಇನ್ನೊಂದು ತೊಡಕೂ ಸೇರಿತು. ಕೊರೊನಾ ಕಾರಣಕ್ಕೆ ಒಂದು ಮತಗಟ್ಟೆಗೆ 1,500ರ ಬದಲು 1,000 ಮತದಾರರ ಮಿತಿ ಬಂದು ಹೆಚ್ಚುವರಿ ಮತಗಟ್ಟೆಗಳಾದವು. 45ರ ಪಕ್ಕದಲ್ಲಿ 45ಎ ಬಂತು. ಮತಗಟ್ಟೆ ಒಡೆದರೂ ಪಟ್ಟಿಯ ಭಾಗ 45 ಆಗಿಯೇ ಉಳಿಯುತ್ತದೆ. ಭಾಗ ಸಂಖ್ಯೆಯ ಜಾಗದಲ್ಲಿ 45ಎ ಎಂದು ಬರೆದರೆ ಪರಿಶೀಲನೆಯಲ್ಲಿ ಹೆಸರೇ ಸಿಗದು.

ಸಂಖ್ಯೆಗಳನ್ನು ಅರ್ಜಿಯಲ್ಲೇ ಮುದ್ರಿಸಿ ಕೊಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಉಪಚುನಾವಣೆಯ ದಿನವೇ ಅಮೆರಿಕದಲ್ಲೂ ಅಧ್ಯಕ್ಷೀಯ ಚುನಾವಣೆ. ಅಲ್ಲಿನ ಅಯೋವಾ ರಾಜ್ಯದ ಲಿನ್ ಕೌಂಟಿಯಲ್ಲಿ ಹೆಸರು ಮತ್ತು ಮತದಾರರ ಪಿನ್ ಸಂಖ್ಯೆಯನ್ನು ಮೊದಲೇ ಮುದ್ರಿಸಿ ಅರ್ಜಿ ಕಳಿಸಿದ್ದರು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ತುಂಬಿ ಬಂದಿದ್ದ ಸುಮಾರು 50 ಸಾವಿರ ಅರ್ಜಿಗಳನ್ನು ಬಿಟ್ಟು ಜನ ಹೊಸದಾಗಿ ಕೇಳಬೇಕಾಯಿತು. ಚೀಟಿಯಾದರೆ ಆ ತಂಟೆ ಇಲ್ಲ. ಮಾಹಿತಿ ಕೊಟ್ಟವರು ನಾವು, ಬರೆದವರು ಮನೆಯವರು.

ಮೂರನೆಯದು ಫೋನಿನಲ್ಲಿ ಮಾತಾಡುವ ಕ್ರಮ. ‘12ಡಿ ಬೇಕಾ?’ ಎಂದು ಕೇಳಿದರೆ ಯಾರಿಗೂ ಅರ್ಥವಾಗದು. ‘ಅಂಚೆ ಮತ’ ಎಂದರೆ ಪೋಸ್ಟ್ ಆಫೀಸಿಗೆ ಹೋಗಬೇಕೇನೋ ಎಂಬ ಭಯ. ನಾವು ಕೇಳಿಸಿದ್ದು ಹೀಗೆ: “ಅಮ್ಮಾ, ನಾನು ನಿಮ್ಮ ಬೂತಿನ ಬಿಎಲ್‌ಒ ಮಾತಾಡ್ತಿರೋದು. ಈ ಸಲ ಓಟು ಹಾಕೋಕೆ ನೀವೇ ಬೂತಿಗೆ ಬರ್ತೀರಾ, ಇಲ್ಲಾ ಮನೆಗೇ ತರಬೇಕಾ? ಮನೆಗೆ ಅಂತ ಬರ್ಕೊಟ್ರೆ ಆಮೇಲೆ ಬೂತಿಗೆ ಬಂದು ಹಾಕೋಕಾಗಲ್ಲ, ಅದೊಂದು ನೆನಪಿರಲಿ.” ಕೊನೆಯ ಮಾತನ್ನು ಯಾವ ಕಾರಣಕ್ಕೂ ಬಿಡಬಾರದು. ಅರ್ಜಿ ಮಂಜೂರಾದರೆ ಮತಗಟ್ಟೆಯ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಪಿಬಿ’ (ಪೋಸ್ಟಲ್ ಬ್ಯಾಲೆಟ್) ಎಂದು ಗುರುತು ಬೀಳುತ್ತದೆ. ಹೊಸ ಸೀರೆ ಉಟ್ಟು ಬೂತಿಗೆ ಬಂದ ಎಂಬತ್ತೈದರ ಅಜ್ಜಿಯನ್ನು ವಾಪಸ್ ಕಳಿಸುವ ಪಾಡು ಯಾವ ಮತಗಟ್ಟೆ ಅಧಿಕಾರಿಗೂ ಬೇಡ. ನಡೆದಾಡುವವರು ಬೂತಿಗೇ ಬರುತ್ತೇನೆ ಎಂದರೆ ಒತ್ತಾಯಿಸಲಿಲ್ಲ. ಎಷ್ಟು ಅರ್ಜಿ ಬಂತು ಎಂಬ ಲೆಕ್ಕಕ್ಕೆ ಬಿದ್ದರೆ ಬಿಎಲ್‌ಒಗಳು ಬೇಡದವರ ಕೈಲೂ ಸಹಿ ಹಾಕಿಸುತ್ತಾರೆ. ಆಮೇಲೆ ಎರಡೆರಡು ಸಲ ಅಲೆಯುವುದು ಮತದಾನದ ತಂಡ.

ಫೋನಿನಲ್ಲಿ ಹೆಚ್ಚು ಸಮಯ ತಿಂದದ್ದು 65ರ ಗೊಂದಲ. 2020ರ ಜೂನಿನಲ್ಲಿ ನಿಯಮ ತಿದ್ದಿ ವಯಸ್ಸನ್ನು 80ರಿಂದ 65ಕ್ಕೆ ಇಳಿಸಿದ್ದರು, ಪತ್ರಿಕೆಗಳಲ್ಲೂ ಬಂದಿತ್ತು. ಜುಲೈನಲ್ಲಿ ಚುನಾವಣಾ ಆಯೋಗ ಸಿಬ್ಬಂದಿ ಮತ್ತು ಸುರಕ್ಷತೆಯ ಕಾರಣ ಕೊಟ್ಟು ಬಿಹಾರದ ವಿಧಾನಸಭಾ ಚುನಾವಣೆಗೂ ಆಗ ಎದುರಿದ್ದ ಉಪಚುನಾವಣೆಗಳಿಗೂ ಅದನ್ನು ಅನ್ವಯಿಸುವುದಿಲ್ಲ ಎಂದಿತು. ಈ ಎರಡನೇ ಸುದ್ದಿ ಜನಕ್ಕೆ ಮುಟ್ಟಿರಲಿಲ್ಲ. ಎಪ್ಪತ್ತರ ಹಿರಿಯರು ಕತ್ತರಿಸಿಟ್ಟ ಸುದ್ದಿ ತೋರಿಸಿ ಅರ್ಜಿ ಕೇಳುತ್ತಿದ್ದರು. ವಾದ ಬೇಡ, ಬೆಳಿಗ್ಗೆ ಏಳಕ್ಕೆ ಬಂದರೆ ರಶ್ ಇರಲ್ಲ ಎಂದು ಹೇಳಿ ಎಂದು ಬಿಎಲ್‌ಒಗಳಿಗೆ ಹೇಳಿಕೊಟ್ಟೆವು.

ಇನ್ನು ಆ ಐದು ದಿನ. ಮೊದಲ ದಿನ ಹಂಚಿಕೆ, ಸ್ವೀಕೃತಿಗೆ ಸಹಿ. ಬೀಗ ಹಾಕಿದ ಮನೆಗೆ ಬಿಎಲ್‌ಒ ಹೆಸರು, ನಂಬರಿನ ಚೀಟಿ. ಎರಡು ಮತ್ತು ಮೂರನೇ ದಿನ ವಾಪಸ್ ಸಂಗ್ರಹ. ನಾಲ್ಕು ಬಿಟ್ಟುಹೋದವರಿಗೆ. ಐದನೇ ದಿನ ಯಾವ ಮನೆಗೂ ಹೋಗಬಾರದು. ಅವತ್ತು ಪಟ್ಟಿ ಹಿಡಿದು ತಾಳೆ ನೋಡಿ, ಸಹಿ ಬಿಟ್ಟದ್ದು, ಅಂಗವಿಕಲರ ಪ್ರಮಾಣಪತ್ರದ ಪ್ರತಿ ಇಲ್ಲದ್ದನ್ನು ಸರಿಪಡಿಸಲು ಅಷ್ಟಾದರೂ ಸಮಯ ಬೇಕು. ಅಂಗವಿಕಲರಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಬೇಕು. ಪಿಂಚಣಿಯ ಆದೇಶಪತ್ರ ಕೊಟ್ಟು ಇದೇ ಸಾಕಲ್ವಾ ಎನ್ನುವವರು ತುಂಬ, ಅದು ಸಾಲದು.

ಬಾಗಿಲಲ್ಲಿ ನಡೆಯುವ ಸಣ್ಣ ಸಂಗತಿಗಳೇ ಅರ್ಜಿ ಕೆಡಿಸುತ್ತವೆ. ಎಲ್ಲರಿಗೂ ಮೊದಲು ಕೈಗೆ ಸ್ಯಾನಿಟೈಸರ್ ಹಾಕುವ ಚಟ. ಒದ್ದೆ ಬೆರಳಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಗೆರೆ ಮೂಡದೆ ನೀಲಿ ಮಚ್ಚೆ ಉಳಿಯುತ್ತದೆ. ಜೆಲ್ ಪೆನ್ನಿನ ಅಕ್ಷರ ಕದಡಿಹೋಗುತ್ತದೆ. ಸ್ಯಾನಿಟೈಸರ್ ಹಾಕಿ, ಅರೆ ನಿಮಿಷ ಬಿಟ್ಟು, ಹೆಬ್ಬೆರಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಪ್ಯಾಡಿನ ಮೇಲೆ ಒತ್ತದೆ ಒಂದು ಸಲ ಉರುಳಿಸಿ ಹಾಕಿದರೆ ಚೆನ್ನಾಗಿ ಬರುತ್ತದೆ. ಪೆನ್ನು ಬಾಲ್‌ಪೆನ್ನೇ ಇರಲಿ, ಬಿಎಲ್‌ಒ ಕೈಚೀಲದಲ್ಲಿ ಐದಾರು ಇರಲಿ.

ಸೋಂಕಿತರದು ಬೇರೆ ಲೆಕ್ಕ. ಅವರ ಅರ್ಜಿಗೆ ಆರೋಗ್ಯ ಇಲಾಖೆಯ ಅಧಿಕೃತ ಪ್ರಮಾಣಪತ್ರ ಬೇಕಿತ್ತು. ಮೊಬೈಲಿಗೆ ಬಂದ ಪಾಸಿಟಿವ್ ಸಂದೇಶ ಪ್ರಮಾಣಪತ್ರವಲ್ಲ. ಜ್ವರದಲ್ಲಿ ಮಲಗಿದವರು ಅದಕ್ಕಾಗಿ ಓಡಾಡುವುದು ಸಾಧ್ಯವೇ? ನಾವು ದಿಕ್ಕು ತಿರುಗಿಸಿದೆವು. ಮನೆ ಆರೈಕೆಯಲ್ಲಿರುವವರ ಪಟ್ಟಿಯನ್ನು ಆರೋಗ್ಯ ಸಿಬ್ಬಂದಿಯಿಂದ ಪಡೆದು, ಮತದಾರರ ಪಟ್ಟಿಯ ಜೊತೆ ತಾಳೆ ಹಾಕಿ, ಫೋನಿನಲ್ಲಿ ಇಚ್ಛೆ ಕೇಳಿ, ಹೌದು ಎಂದವರ ಹೆಸರುಗಳನ್ನು ಒಟ್ಟಾಗಿ ವೈದ್ಯಾಧಿಕಾರಿಯ ಮುಂದಿಟ್ಟು ಸಹಿ ಮಾಡಿಸಿದೆವು. ಶನಿವಾರ, ಭಾನುವಾರ ಯಾರು ಸಿಗುತ್ತಾರೆ ಎಂಬುದನ್ನು ಗುರುವಾರವೇ ಕೇಳಿಟ್ಟುಕೊಂಡದ್ದು ಕೆಲಸಕ್ಕೆ ಬಂತು. ಅರ್ಜಿ ಮಾತ್ರೆಯ ಕಿಟ್ ಜೊತೆ ಹೋಗಿ, ಕವರಿನಲ್ಲಿ ಗೇಟಿಗೆ ಬಂತು. ಬಂದದ್ದನ್ನು ಒಂದು ದಿನ ಬೇರೆ ಡಬ್ಬಿಯಲ್ಲಿ ಇಟ್ಟು ಆಮೇಲೆ ಮುಟ್ಟುತ್ತಿದ್ದೆವು. ಈಗ ನೋಡಿದರೆ ಅತಿಯಾಯಿತು ಅನಿಸುತ್ತದೆ, ಐದು ದಿನದಲ್ಲಿ ಒಂದು ಅದಕ್ಕೇ ಹೋಯಿತು.

ಮತಪತ್ರದ ಹಂತದ ಬಗ್ಗೆ ಒಂದೇ ಎಚ್ಚರಿಕೆ. ಗುರುತು ಹಾಕಿದ ಮತಪತ್ರ ಸಣ್ಣ ಲಕೋಟೆ 13ಬಿ ಒಳಗೆ. ಸಹಿ ಮಾಡಿ ದೃಢೀಕರಿಸಿದ ಘೋಷಣೆ 13ಎ ಹೊರಗೆ. ಇವೆರಡೂ ಸೇರಿ ದೊಡ್ಡ ಲಕೋಟೆ 13ಸಿ ಒಳಗೆ. ಘೋಷಣೆಯನ್ನು ಮಡಚಿ ಸಣ್ಣ ಲಕೋಟೆಗೇ ತುರುಕಿ ಅಂಟಿಸಿದರೆ ಆ ಮತ ಹೋಯಿತು. ಎಣಿಕೆಯಲ್ಲಿ ದೊಡ್ಡದನ್ನು ತೆರೆದಾಗ ಘೋಷಣೆ ಕಾಣದಿದ್ದರೆ ಸಣ್ಣದನ್ನು ಒಡೆಯುವುದೇ ಇಲ್ಲ. ತಂಡ ಬರುವ ದಿನ, ಹೊತ್ತನ್ನು ಎಸ್‌ಎಂಎಸ್‌ನಲ್ಲಿ ತಿಳಿಸುತ್ತಾರೆ. ಮೊದಲ ಸಲ ಸಿಗದಿದ್ದರೆ ಇನ್ನೊಂದು ಸಲ ಬರುತ್ತಾರೆ, ಮೂರನೆಯದಿಲ್ಲ. ಅರ್ಜಿಯಲ್ಲಿ ಸೊಸೆಯ ನಂಬರು ಬರೆಸಿದ್ದು ಇಲ್ಲಿ ಕೈ ಹಿಡಿಯುತ್ತದೆ.

ಈ ಇಡೀ ವ್ಯವಸ್ಥೆಯ ತೂತು ಎಂದರೆ ಐದನೇ ದಿನದ ನಂತರ ಸೋಂಕು ತಗುಲಿದವರು. ಅಕ್ಟೋಬರ್ ಮಧ್ಯದಿಂದ ನವೆಂಬರ್ 3ರವರೆಗೆ ರೋಗವೇನು ಅರ್ಜಿಯ ಗಡುವು ನೋಡಿಕೊಂಡು ಸುಮ್ಮನಿರುತ್ತದೆಯೇ? ಅದೇ ಡಿಸೆಂಬರಿನಲ್ಲಿ ಕೇರಳದ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಸೋಂಕಿತರು ಅರ್ಜಿ ಹಾಕುವುದನ್ನೇ ಕಾಯಲಿಲ್ಲ. ಮತದಾನದ ಹಿಂದಿನ ದಿನ ಮಧ್ಯಾಹ್ನ ಮೂರರವರೆಗೆ ಆರೋಗ್ಯಾಧಿಕಾರಿ ಪ್ರಮಾಣೀಕರಿಸಿದ ಪಟ್ಟಿಯನ್ನೇ ಹಿಡಿದು ವಿಶೇಷ ಅಂಚೆ ಮತಪತ್ರ ಕೊಟ್ಟರು. ಸರಳ ಮಾಡುವುದು ಎಂದರೆ ಅದು. ಅದು ರಾಜ್ಯ ಚುನಾವಣಾ ಆಯೋಗದ ಚುನಾವಣೆ, ನಿಯಮ ಬೇರೆ. ನಮ್ಮಲ್ಲಿ ಗಡುವು ಮೀರಿದವರಿಗೆ ಉಳಿದದ್ದು ಮತಗಟ್ಟೆಯ ಕೊನೆಯ ಗಂಟೆ, ಸಂಜೆ ಐದರಿಂದ ಆರು.

ಅವರಿಗೂ ಹಿಂದಿನ ದಿನ ಫೋನ್ ಮಾಡಿಸಿದೆವು. ಬರುವವರ ಸಂಖ್ಯೆ ಮೊದಲೇ ಗೊತ್ತಾದರೆ ಆ ಬೂತಿಗೆ ಪಿಪಿಇ ಕಿಟ್ ಎಷ್ಟು ಎಂದು ತೀರ್ಮಾನಿಸಬಹುದು. ಹೇಳಿದ್ದು ಇಷ್ಟೇ: ಮಾಸ್ಕ್ ಹಾಕಿ, ಗುರುತಿನ ಚೀಟಿ ಇಟ್ಟುಕೊಳ್ಳಿ, ಐದಕ್ಕೆ ಸರಿಯಾಗಿ ಬನ್ನಿ. ಆರಕ್ಕೆ ಐದು ನಿಮಿಷ ಇರುವಾಗ ಬಂದರೂ ಓಟು ತಪ್ಪದು, ಆರಕ್ಕೆ ಸಾಲಿನಲ್ಲಿರುವವರಿಗೆಲ್ಲ ಕೊನೆಯವರಿಂದ ಶುರುಮಾಡಿ ಚೀಟಿ ಕೊಡುತ್ತಾರೆ. ಆದರೆ ಜ್ವರದ ಮೈಯಲ್ಲಿ ಅಷ್ಟು ಹೊತ್ತು ನಿಲ್ಲುವುದು ಯಾಕೆ?